ಟಾಮ್ ಕ್ರೂಸ್ ಹಾರಿದ ಬಂಡೆಗೆ ಬಸ್ಸು ಎಷ್ಟು ಹೊತ್ತಿಗೆ?

ಈ ಪುಟಕ್ಕೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. ಯಾವ ಹೀರೋ ಯಾವ ನಿರ್ದೇಶಕನ ಮೇಲೆ ಮುನಿಸಿಕೊಂಡಿದ್ದಾನೆ, ಯಾವ ನಾಯಕಿಗೆ ಯಾವಾಗ ಮದುವೆ, ಇಷ್ಟೇ. ಹೋದ ವಾರದ ಕಟ್ಟಿನಲ್ಲಿ ಒಂದು ಕಾಗದ ಮಾತ್ರ ಬೇರೆಯಾಗೇ ಇತ್ತು. ದಾವಣಗೆರೆಯ ಮೂವರು ಗೆಳೆಯರು ಸೇರಿ ಬರೆದದ್ದು. ಓದಿದ ಮೇಲೆ ಎರಡು ದಿನ ಅದು ನನ್ನ ಮೇಜಿನ ಮೇಲೇ ಇತ್ತು.

"ಅಣ್ಣಾ, ನಾವು ಮೂವರೂ ಎರಡು ವರ್ಷದಿಂದ ಚೀಟಿ ಕಟ್ಟಿದ್ದೇವೆ. ಈ ಡಿಸೆಂಬರಿಗೆ ದುಡ್ಡು ಕೈಗೆ ಬರುತ್ತೆ. 'ಮಿಷನ್ ಇಂಪಾಸಿಬಲ್'ನಲ್ಲಿ ಟಾಮ್ ಕ್ರೂಸ್ ಬೈಕ್ ಸಮೇತ ಹಾರಿದನಲ್ಲ, ಆ ಬೆಟ್ಟ, ಅದಕ್ಕೂ ಮುಂಚಿನ ಪಿಕ್ಚರಿನಲ್ಲಿ ನೇತಾಡಿದನಲ್ಲ, ಆ ಬಂಡೆ, ಎರಡನ್ನೂ ನೋಡಬೇಕು. ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಫೋಟೋ ತೆಗೆಸಿಕೊಳ್ಳಬೇಕು. ಡಿಸೆಂಬರಿನಲ್ಲೇ ಹೊರಡೋಣ ಅಂತಿದ್ದೇವೆ. ಮನೆಯಲ್ಲಿ ಬೈತಿದ್ದಾರೆ. ಹೋಗೋದು ಹೇಗೆ? ಬಸ್ಸಿದೆಯಾ?"

ನಗು ಬಂತು, ನಿಜ. ಆಮೇಲೆ ನಗು ನಿಂತಿತು. ಎರಡು ವರ್ಷ ಚೀಟಿ ಕಟ್ಟೋದು ಹುಡುಗಾಟವಲ್ಲ ಸ್ವಾಮಿ. 1978ರಲ್ಲಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಬಂದಾಗ ವಿಷ್ಣುವರ್ಧನ್-ದ್ವಾರಕೀಶ್ ಜೋಡಿಯ ಜೊತೆಗೆ ಫಾರಿನ್ನನ್ನೂ ಟಾಕೀಸಿನಲ್ಲೇ ನೋಡಿ ಖುಷಿಪಟ್ಟವರು ನಾವು. ಅಂಥ ಕಡೆಗೆ ನಾವೇ ಹೋಗಬಹುದು ಅನ್ನುವ ಯೋಚನೆ ಗಾಂಧಿಕ್ಲಾಸಿನಲ್ಲಿ ಕೂತವನ ತಲೆಗೆ ಬರುತ್ತಿರಲಿಲ್ಲ. ಈ ಹುಡುಗರ ತಲೆಗೆ ಬಂದಿದೆ. ಆದ್ದರಿಂದ ಈ ವಾರದ ಪುಟ ಪೂರ್ತಿ ಅವರಿಗೇ.

ಮೊದಲ ಉತ್ತರ: ಬಸ್ಸಿದೆ. ಎರಡನೆಯ ಉತ್ತರ: ಡಿಸೆಂಬರಿಗೆ ಬೇಡ. ಮೂರನೆಯದನ್ನು ಕೊನೆಯಲ್ಲಿ ಹೇಳ್ತೀನಿ, ತಾಳ್ಮೆಯಿಂದ ಓದಿ.

ತೆರೆಯ ಮೇಲೆ ಕಾಶ್ಮೀರ, ನೆಲದ ಮೇಲೆ ನಾರ್ವೆ

ನೇತಾಡಿದ ಬಂಡೆಯಿಂದ ಶುರು ಮಾಡೋಣ. 2018ರಲ್ಲಿ ಬಂದ 'ಮಿಷನ್ ಇಂಪಾಸಿಬಲ್ ಫಾಲ್‌ಔಟ್' ಚಿತ್ರದ ಕೊನೆಯ ಹೊಡೆದಾಟ ನೆನಪಿದೆಯಲ್ಲ? ಕತೆಯ ಪ್ರಕಾರ ಅದು ನಮ್ಮ ಕಾಶ್ಮೀರ. ಆದರೆ ಕ್ಯಾಮೆರಾ ನಿಂತದ್ದು ನಾರ್ವೆಯಲ್ಲಿ. ಬಂಡೆಯ ಹೆಸರು ಪ್ರೈಕೆಸ್ಟೋಲೆನ್. ಹಾಗೆಂದರೆ ಚರ್ಚಿನಲ್ಲಿ ಪಾದ್ರಿ ನಿಂತು ಬೋಧನೆ ಮಾಡುವ ಪೀಠ. ಸುಮಾರು 25 ಮೀಟರ್ ಉದ್ದ, ಅಷ್ಟೇ ಅಗಲ, ಮೇಲೆ ಮೇಜಿನ ಹಾಗೆ ಸಪಾಟು. ಅಂಚಿನಿಂದ ಕೆಳಗೆ ಲೀಸೆಫ್ಯೋರ್ಡಿನ ನೀರಿಗೆ 604 ಮೀಟರ್. ನಮ್ಮ ಜೋಗದ ರಾಜಾ 253 ಮೀಟರ್. ಎರಡು ಜೋಗವನ್ನು ಒಂದರ ಮೇಲೊಂದು ಇಟ್ಟರೂ ಇನ್ನೂ 98 ಮೀಟರ್ ಉಳಿಯುತ್ತೆ! ಕಂಬಿಯಿಲ್ಲ, ಬೇಲಿಯಿಲ್ಲ.

ಇನ್ನೊಂದು ವಿಷಯ. ಇಲ್ಲಿ ಚಿತ್ರೀಕರಣ ನಡೆದದ್ದು 2017ರ ಕೊನೆಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಟಾಮ್ ಕ್ರೂಸ್ ಲಂಡನ್ನಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರಿ ಪಾದದ ಕೀಲು ಮುರಿದುಕೊಂಡಿದ್ದ. ವಾರಗಟ್ಟಲೆ ಶೂಟಿಂಗ್ ನಿಂತಿತ್ತು. ಕಾಲು ಒಂದು ಮಟ್ಟಕ್ಕೆ ಬಂದ ಮೇಲೆ ಇಲ್ಲಿಗೆ ಬಂದ. 2018ರ ಆಗಸ್ಟಿನಲ್ಲಿ ಆ ಬಂಡೆಯ ಮೇಲೇ ಪರದೆ ಕಟ್ಟಿ ಚಿತ್ರ ತೋರಿಸಿದರು. ಸುಮಾರು 2,000 ಜನ ಬೆಟ್ಟ ಹತ್ತಿಹೋಗಿ ನೋಡಿದರು. ಇಂಥ ಥಿಯೇಟರು ಯಾವ ಊರಿನಲ್ಲಿದೆ ಹೇಳಿ!

ಒಂದೇ ದಿನ ಆರು ಸಲ

ಬೈಕಿನಲ್ಲಿ ಹಾರಿದ ಜಾಗ ಬೇರೆ. ಅದು 2023ರ 'ಡೆಡ್ ರೆಕನಿಂಗ್' ಚಿತ್ರ. ಕತೆಯಲ್ಲಿ ಆ ಬೆಟ್ಟ ಆಸ್ಟ್ರಿಯಾದ ಆಲ್ಪ್ಸ್ ಸಾಲಿನದ್ದು. ನಿಜದಲ್ಲಿ ನಾರ್ವೆಯ ಪಶ್ಚಿಮ ಕರಾವಳಿಯ ಹೆಲ್ಲೆಸಿಲ್ಟ್ ಊರಿನ ಬಳಿಯ ಹೆಲ್ಸೆಟ್‌ಕೋಪೆನ್ ಬೆಟ್ಟ. ಪಾಪ ನಾರ್ವೆ! ಒಂದು ಸಲ ಕಾಶ್ಮೀರಕ್ಕೆ ಡ್ಯೂಪ್, ಇನ್ನೊಂದು ಸಲ ಆಸ್ಟ್ರಿಯಾಕ್ಕೆ ಡ್ಯೂಪ್. ಹೀರೋ ಮಾತ್ರ ಡ್ಯೂಪ್ ಇಲ್ಲದೆ ತಾನೇ ಹಾರಿದ.

ಹೇಗೆ ಹಾರಿದ? ಇಲ್ಲಿ ಸ್ವಲ್ಪ ಗಮನ ಕೊಡಿ ತಮ್ಮಂದಿರಾ, ನನ್ನ ಇಡೀ ಮಾತು ನಿಂತಿರುವುದೇ ಇದರ ಮೇಲೆ. 2020ರ ಸೆಪ್ಟೆಂಬರ್ 6ರಂದು ಆ ದೃಶ್ಯ ತೆಗೆದರು. ಚಿತ್ರದ ಮುಖ್ಯ ಚಿತ್ರೀಕರಣದ ಮೊದಲ ದಿನವೇ ಅದು. ಏನಾದರೂ ಎಡವಟ್ಟಾಗುವುದಿದ್ದರೆ ಮೊದಲೇ ಗೊತ್ತಾಗಿಬಿಡಲಿ ಎನ್ನುವ ಲೆಕ್ಕ. ಒಂದೇ ದಿನ ಆರು ಸಲ ಹಾರಿದ. ಆದರೆ ಆ ಆರು ಹಾರಾಟಕ್ಕೆ ಮುಂಚೆ ವಿಮಾನದಿಂದ 500ಕ್ಕೂ ಹೆಚ್ಚು ಸಲ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದ್ದ. ಮೋಟಾರ್‌ಬೈಕಿನಲ್ಲಿ 13,000 ಜಿಗಿತ ಜಿಗಿದಿದ್ದ. ಬೆಟ್ಟದ ನೆತ್ತಿಯಲ್ಲಿ ಅವನಿಗಾಗಿಯೇ ಇಳಿಜಾರು ಹಲಗೆದಾರಿ ಕಟ್ಟಿದ್ದರು. ತೆರೆಯ ಮೇಲೆ ನೀವು ನೋಡಿದ ಬಂಡೆ ಆ ದಾರಿಯನ್ನು ಮುಚ್ಚಲು ಕಂಪ್ಯೂಟರಿನಲ್ಲಿ ಬರೆದದ್ದು. ಕೊರೊನಾ ಕಾಲವಾದ್ದರಿಂದ ತಂಡದ ವಸತಿಗೆ ಎರಡು ಹಡಗುಗಳನ್ನೇ ಬಾಡಿಗೆಗೆ ಹಿಡಿದಿದ್ದರು.

ನಾವು ಟಾಕೀಸಿನಲ್ಲಿ ಸಿಳ್ಳೆ ಹೊಡೆದದ್ದು ಕೆಲವು ಸೆಕೆಂಡಿನ ಹಾರಾಟಕ್ಕೆ. ಅದರ ಹಿಂದಿದ್ದ ತಿಂಗಳುಗಟ್ಟಲೆ ತಯಾರಿಗೆ ಸಿಳ್ಳೆ ಹೊಡೆದವರು ಯಾರೂ ಇಲ್ಲ.

ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಕನ್ನಡ ಚಿತ್ರರಸಿಕರಿಗೆ ಬೇರೆಯವರು ಹೇಳಬೇಕಾಗಿಲ್ಲ. 2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್, ಉದಯ್ ಇಬ್ಬರೂ ಬದುಕಿ ಮೇಲೆ ಬರಲಿಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಹುರಿಗಟ್ಟಿದ ಮೈ ಇತ್ತು, ಧೈರ್ಯ ಬೇಕಾದಷ್ಟಿತ್ತು. ಧೈರ್ಯಕ್ಕೆ ಈಜು ಬರುವುದಿಲ್ಲ.

ಆದ್ದರಿಂದ ಟಾಮ್ ಕ್ರೂಸ್‌ನನ್ನು ಕಾಪಿ ಹೊಡೆಯುವುದಾದರೆ ಅವನ ಹಾರಾಟವನ್ನಲ್ಲ, ಅವನ ತಯಾರಿಯನ್ನು ಕಾಪಿ ಹೊಡೆಯಿರಿ. ಪ್ರವಾಸಕ್ಕೂ ಅದೇ ಮಾತು.

ಈ ಫ್ಯೋರ್ಡ್ ಅಂದರೆ ಏನು ಗುರುವೇ?

ಹೋಗುವ ಜಾಗ ಏನೆಂದು ತಿಳಿಯದೆ ಹೋಗಬಾರದು. ಹಿಮಯುಗಗಳಲ್ಲಿ ನಾರ್ವೆಯ ಮೇಲೆ ದಪ್ಪನೆಯ ಹಿಮದ ಹೊದಿಕೆ ಇತ್ತು. ಆ ಹಿಮ ಸುಮ್ಮನೆ ಕೂತಿರಲಿಲ್ಲ. ತನ್ನ ಭಾರಕ್ಕೆ ತಾನೇ ಜಾರುತ್ತಾ ಕಲ್ಲುಗುಂಡುಗಳನ್ನು ಹೊಟ್ಟೆಯಡಿ ಉಜ್ಜುತ್ತಾ ಕಡಲ ಕಡೆಗೆ ಸಾಗುತ್ತಿತ್ತು. ಬಡಗಿ ಉಳಿ ಹಿಡಿದು ಕೊರೆದ ಹಾಗೆ ಬೆಟ್ಟಗಳ ನಡುವೆ ಆಳವಾದ ಕಣಿವೆಗಳನ್ನು ಕೊರೆಯಿತು. ಹಿಮ ಕರಗಿದ ಮೇಲೆ ಸಮುದ್ರ ಒಳಕ್ಕೆ ನುಗ್ಗಿ ಆ ಕಣಿವೆಗಳನ್ನು ತುಂಬಿತು. ಅದೇ ಫ್ಯೋರ್ಡ್. ನೋಡಲು ನದಿಯ ಹಾಗೆ, ಬಾಯಿಗೆ ಹಾಕಿಕೊಂಡರೆ ಉಪ್ಪು.

ಎಲ್ಲಕ್ಕಿಂತ ದೊಡ್ಡದು ಸೋಗ್ನೆಫ್ಯೋರ್ಡ್. ಉದ್ದ ಸುಮಾರು 205 ಕಿಲೋಮೀಟರ್. ಅಂದರೆ ಕಡಲು ಬೆಂಗಳೂರಿನಲ್ಲಿ ಒಳಗೆ ಹೊಕ್ಕರೆ ಹಾಸನ ದಾಟಿ ಸಕಲೇಶಪುರದ ಹತ್ತಿರ ಹೋಗಿ ನಿಂತ ಹಾಗೆ. ಆಳ ಸುಮಾರು 1,300 ಮೀಟರ್. ಸಮುದ್ರಮಟ್ಟದಿಂದ ನಮ್ಮ ಮಡಿಕೇರಿ ಎಷ್ಟು ಮೇಲಿದೆಯೋ ಅದಕ್ಕಿಂತ ಹೆಚ್ಚು ಕೆಳಗೆ ಈ ನೀರಿನ ತಳ. ತಮಾಷೆ ಏನೆಂದರೆ ಕಡಲನ್ನು ಸೇರುವ ಬಾಯಲ್ಲೇ ಆಳ ತೀರಾ ಕಡಿಮೆ. ಹಿಮದ ಕೊರೆತದ ಜೋರು ಅಲ್ಲಿ ಮುಗಿದಿತ್ತು, ಅದಕ್ಕೇ ಹೊಸಿಲಿನ ಹಾಗೆ ಒಂದು ದಿಬ್ಬ ಉಳಿಯಿತು.

ಇದರಲ್ಲಿ ಎರಡು ಫ್ಯೋರ್ಡುಗಳು, ಗೈರಾಂಗರ್ ಮತ್ತು ನೇರೋಯ್, 2005ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ನೇರೋಯ್ ಒಂದು ಕಡೆ ಎಷ್ಟು ಕಿರಿದೆಂದರೆ ದಡದಿಂದ ದಡಕ್ಕೆ 250 ಮೀಟರ್ ಮಾತ್ರ. ಎರಡೂ ಕಡೆ ಗೋಡೆಯ ಹಾಗೆ ಬೆಟ್ಟ.

ಡಿಸೆಂಬರ್ ಯಾಕೆ ಬೇಡ?

ಚೀಟಿ ದುಡ್ಡು ಡಿಸೆಂಬರಿಗೆ ಬರುತ್ತೆ, ಸರಿ. ಆದರೆ ಆ ತಿಂಗಳು ಸ್ಟವಾಂಗರ್ ಕಡೆ ಹಗಲು ಆರು ಗಂಟೆ ಸಿಕ್ಕರೆ ಹೆಚ್ಚು. ಅದರಲ್ಲೂ ಮೋಡ, ಮಳೆ. ಪ್ರೈಕೆಸ್ಟೋಲೆನ್ ದಾರಿಯಲ್ಲಿ ಮಂಜುಗಡ್ಡೆ ಕಟ್ಟಿರುತ್ತೆ, ಮೆಟ್ಟಿಲಿಟ್ಟರೆ ಗಾಜಿನ ಮೇಲೆ ಎಣ್ಣೆ ಸುರಿದ ಹಾಗೆ. ಆಗ ಹತ್ತುವವರು ಬೂಟಿಗೆ ಕಬ್ಬಿಣದ ಮೊಳೆ ಕಟ್ಟಿಕೊಂಡು ಗೈಡ್ ಜೊತೆ ಹತ್ತುತ್ತಾರೆ. ದಾವಣಗೆರೆಯ ಬಿಸಿಲಿನಲ್ಲಿ ಬೆಳೆದ ನಾವು ಅಲ್ಲಿ ಹೋಗಿ ಹುಡುಗಾಟ ಆಡಬಾರದು.

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಸರಿಯಾದ ಕಾಲ. ಜೂನಿನಲ್ಲಿ ಹಗಲು ಹದಿನೆಂಟು ಗಂಟೆ. ರಾತ್ರಿ ಹತ್ತಕ್ಕೂ ಪೇಪರ್ ಓದಬಹುದು. ದುಡ್ಡನ್ನು ಡಿಸೆಂಬರಿನಲ್ಲಿ ಎತ್ತಿ ಬ್ಯಾಂಕಿಗೆ ಹಾಕಿ. ಆರು ತಿಂಗಳು ತಯಾರಿ ಮಾಡಿ. ಖಾತೆಯಲ್ಲಿ ಆ ದುಡ್ಡು ಕೆಲವು ತಿಂಗಳು ನಿಂತಿದ್ದರೆ ವೀಸಾ ಕೇಳುವಾಗಲೂ ಒಳ್ಳೆಯದೇ.

ಕಾಗದಪತ್ರ, ಕಾಸು

ನಾರ್ವೆಗೆ ಬೇಕಾದ್ದು ಷೆಂಗೆನ್ ವೀಸಾ. 2024ರ ಜೂನಿನಿಂದ ಶುಲ್ಕ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಗೆ 15 ದಿನವಾದರೂ ಮುಂಚೆ ಹಾಕಲೇಬೇಕು. ನನ್ನ ಮಾತು ಕೇಳಿ, ಮೂರು ತಿಂಗಳು ಮುಂಚೆ ಹಾಕಿ. 30,000 ಯೂರೋದಷ್ಟು ಖರ್ಚು ತುಂಬಿಕೊಡುವ ಪ್ರವಾಸ ವಿಮೆ ಕಡ್ಡಾಯ. ಬ್ಯಾಂಕಿನ ಲೆಕ್ಕ, ಕೆಲಸದ ಜಾಗದಿಂದ ರಜೆ ಪತ್ರ, ಉಳಿಯುವ ಜಾಗದ ಬುಕಿಂಗ್, ಹೋಗಿಬರುವ ಟಿಕೆಟ್ಟಿನ ವಿವರ, ಇವೆಲ್ಲ ಒಪ್ಪವಾಗಿ ಒಂದು ಫೈಲಿನಲ್ಲಿರಲಿ. ವೀಸಾ ಕೈಗೆ ಬರುವ ತನಕ ದುಡ್ಡು ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ.

"ಗ್ಯಾರಂಟಿ ವೀಸಾ" ಅನ್ನುವ ಏಜೆಂಟನ ಬಾಗಿಲು ಕಂಡರೆ ಈ ಕಡೆ ಫುಟ್‌ಪಾತಿಗೆ ಬಂದುಬಿಡಿ. ಗ್ಯಾರಂಟಿ ಕೊಡುವ ಅಧಿಕಾರ ರಾಯಭಾರ ಕಚೇರಿ ಬಿಟ್ಟು ಭೂಮಿಯ ಮೇಲೆ ಯಾರಿಗೂ ಇಲ್ಲ. ನನಗೆ ಗೊತ್ತಿದ್ದ ಒಬ್ಬ ಸಹ ಕಲಾವಿದ ಹೀಗೇ ಒಬ್ಬನಿಗೆ ದುಡ್ಡು ಕೊಟ್ಟು ನಕಲಿ ರಜೆ ಪತ್ರ ಮಾಡಿಸಿಕೊಂಡ. ವೀಸಾ ಸಿಗಲಿಲ್ಲ, ದುಡ್ಡೂ ಹೋಯಿತು. ಆ ಮೇಲೆ ಯಾವ ಅರ್ಜಿ ತುಂಬುವಾಗಲೂ ಆ ನಿರಾಕರಣೆಯ ಕತೆ ಬರೆಯಬೇಕಾಗಿ ಬರುತ್ತಿತ್ತು.

ಇನ್ನು ಖರ್ಚು. ನಾರ್ವೆ ಯೂರೋ ದೇಶವಲ್ಲ, ಅಲ್ಲಿನ ನಾಣ್ಯ ಕ್ರೋನ. ಒಂದು ಕ್ರೋನಕ್ಕೆ ನಮ್ಮ 8ರಿಂದ 10 ರೂಪಾಯಿಯೊಳಗೆ ಲೆಕ್ಕ ಇಟ್ಟುಕೊಳ್ಳಿ. ಹಾಸ್ಟೆಲಿನಲ್ಲಿ ಹತ್ತು ಜನರ ಕೋಣೆಯ ಒಂದು ಮಂಚಕ್ಕೆ ಸುಮಾರು 400ರಿಂದ 600 ಕ್ರೋನ. ಹೋಟೆಲಿಗೆ ಹೋಗಿ ಒಂದು ಊಟ ಮಾಡಿದರೆ 200-300 ಕ್ರೋನ. ಲೆಕ್ಕ ಹಾಕಿದಿರಾ? ಒಂದು ಊಟಕ್ಕೆ ಎರಡು ಸಾವಿರ ರೂಪಾಯಿಯ ಮೇಲೆ! ಅದಕ್ಕೇ ಅಡುಗೆಮನೆ ಇರುವ ಹಾಸ್ಟೆಲು ಹಿಡಿಯಿರಿ. ಅಕ್ಕಿ, ಬ್ರೆಡ್ಡು, ಮೊಟ್ಟೆ ಅಲ್ಲೇ ಅಂಗಡಿಯಲ್ಲಿ ಕೊಂಡು ಬೇಯಿಸಿ. ನಲ್ಲಿಯ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ನೀರಿಗೆ ಕಾಸು ಸುರಿಯಬೇಡಿ.

ಊರಿನಿಂದ ಮಂಡಕ್ಕಿ, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಆದರೆ ದಾವಣಗೆರೆಯವರು ಅಂತ ಬೆಣ್ಣೆ ಕಟ್ಟಿಕೊಂಡು ಹೋಗಬೇಡಿ! ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಬಾರದೆಂದು ಕಾನೂನು. ಪೇಡ, ತುಪ್ಪ ಎಲ್ಲ ವಿಮಾನ ನಿಲ್ದಾಣದಲ್ಲೇ ಕಸದ ಡಬ್ಬಿಗೆ.

ಡೇರೆ ಹೊತ್ತು ಹೋಗುವ ತಾಕತ್ತಿದ್ದರೆ ಇನ್ನೂ ಉಳಿತಾಯ. ಬೇಲಿ ಹಾಕದ, ಬೇಸಾಯ ಮಾಡದ ಜಮೀನಿನಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಡೇರೆ ಹಾಕಬಹುದು ಎಂದು 1957ರಿಂದ ಅಲ್ಲಿ ಕಾನೂನೇ ಇದೆ. ವಾಸದ ಮನೆಯಿಂದ 150 ಮೀಟರ್ ದೂರ ಇರಬೇಕು. ಎರಡು ರಾತ್ರಿಗಿಂತ ಹೆಚ್ಚು ಒಂದೇ ಕಡೆ ಇರಬೇಕಾದರೆ ಜಮೀನಿನವರನ್ನು ಕೇಳಬೇಕು. ಕಸ ಬಿಟ್ಟು ಬರಬಾರದು. ನಮ್ಮ ಮಾನ ನಮ್ಮ ಕೈಲಿದೆ.

ದಾರಿ ಹೀಗೆ

ಬೆಂಗಳೂರಿನಿಂದ ದುಬೈಯೋ ದೋಹಾವೋ ಫ್ರಾಂಕ್‌ಫರ್ಟೋ, ಎಲ್ಲಾದರೂ ಒಂದು ಕಡೆ ವಿಮಾನ ಬದಲಿಸಿ ಓಸ್ಲೋ ಸೇರಿ. ಒಟ್ಟು ಹನ್ನೊಂದು ದಿನ ಇಟ್ಟುಕೊಳ್ಳಿ. ಎರಡು ದಿನ ಮಳೆಗೆ ಅಂತಲೇ ಕೈಬಿಡಿ. ಬರ್ಗೆನ್ ಊರಿನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ. ಛತ್ರಿ ಸಾಲದು, ಒಳ್ಳೆಯ ಮಳೆ ಕೋಟು ಬೇಕು.

ಓಸ್ಲೋದಿಂದ ರೈಲಿನಲ್ಲಿ ಸುಮಾರು ಎಂಟು ಗಂಟೆ, ಸ್ಟವಾಂಗರ್. ಅಲ್ಲಿಂದ ಪ್ರೈಕೆಸ್ಟೋಲೆನ್ ಕಾಲುದಾರಿ ಶುರುವಾಗುವ ಜಾಗಕ್ಕೆ ಬೇಸಿಗೆಯಲ್ಲಿ ಬಸ್ಸು, ಒಂದು ಗಂಟೆಯ ಹಾದಿ. ನೀವು ಕೇಳಿದ ಬಸ್ಸು ಇದೇ. ಮೊದಲು ದೋಣಿ ದಾಟಿ ಹೋಗಬೇಕಿತ್ತು. 2019ರ ಡಿಸೆಂಬರಿನಲ್ಲಿ ಸಮುದ್ರದ ಕೆಳಗೇ 14 ಕಿಲೋಮೀಟರಿಗೂ ಉದ್ದದ ಸುರಂಗ ತೆರೆದರು. ಬಸ್ಸು ಅದರಲ್ಲೇ ನುಗ್ಗುತ್ತೆ. ಇಳಿದ ಮೇಲೆ ನಡಿಗೆ, ಹೋಗಿಬರಲು 8 ಕಿಲೋಮೀಟರ್, ನಾಲ್ಕೈದು ಗಂಟೆ. ದಾರಿಯ ಕಲ್ಲುಮೆಟ್ಟಿಲುಗಳಲ್ಲಿ ಬಹಳಷ್ಟನ್ನು ಜೋಡಿಸಿದವರು ನೇಪಾಳದಿಂದ ಬಂದ ಶೆರ್ಪಾಗಳು! ಚಪ್ಪಲಿ ಬೇಡ, ಹಿಡಿತ ಇರುವ ಬೂಟು ಬೇಕು. ಮುಂಜಾನೆ ಬೇಗ ಹತ್ತಿದರೆ ಜನಸಂದಣಿ ಕಡಿಮೆ.

ಸ್ಟವಾಂಗರಿನಿಂದ ಬರ್ಗೆನ್ನಿಗೆ ಬಸ್ಸು, ಐದು ಗಂಟೆ. ನಡುವೆ ಬಸ್ಸೇ ಫೆರಿ ಹತ್ತಿ ನೀರು ದಾಟುತ್ತೆ, ನೀವು ಇಳಿದು ಮೇಲಿನ ಅಂತಸ್ತಿಗೆ ಹೋಗಿ ಕಾಫಿ ಕುಡಿಯಬಹುದು. ಬರ್ಗೆನ್ನಿನಿಂದ ಒಂದು ದಿನದ ಸುತ್ತು: ರೈಲಿನಲ್ಲಿ ಮಿರ್ಡಾಲ್, ಅಲ್ಲಿಂದ ಫ್ಲೋಮ್‌ಗೆ ಬೆಟ್ಟದ ರೈಲು. 20 ಕಿಲೋಮೀಟರಿನಲ್ಲಿ 860 ಮೀಟರಿಗೂ ಹೆಚ್ಚು ಇಳಿಯುತ್ತೆ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ನೇರೋಯ್ ಫ್ಯೋರ್ಡಿನಲ್ಲಿ ಎರಡು ಗಂಟೆ ದೋಣಿ. 2018ರಿಂದ ಇಲ್ಲಿ ಬ್ಯಾಟರಿ ದೋಣಿ ಓಡುತ್ತಿದೆ, ಎಂಜಿನ್ನಿನ ಸದ್ದೇ ಇಲ್ಲ, ಜಲಪಾತದ ಸದ್ದು ಮಾತ್ರ. ಅಲ್ಲಿಂದ ಬಸ್ಸು, ರೈಲು, ರಾತ್ರಿ ಮತ್ತೆ ಬರ್ಗೆನ್. ಮೂವರ ಪಾಸುಬುಕ್ಕೂ ಒಪ್ಪುವ ದೋಣಿ ಪ್ರವಾಸ ಇದೊಂದೇ ಅಂತ ಕಂಡರೆ ಇದನ್ನೇ ಹಿಡಿಯಿರಿ, ಉಳಿದದ್ದು ಬಿಡಿ.

ದುಡ್ಡು ಉಳಿದಿದ್ದರೆ ಬರ್ಗೆನ್ನಿನಿಂದ ಕರಾವಳಿಯ ಹಡಗು ಹತ್ತಿ. 1893ರಿಂದ ಆ ಸಾಲಿನಲ್ಲಿ ಹಡಗು ಓಡುತ್ತಿದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಓಲೆಸುಂಡ್. ಅಲ್ಲಿಂದ ಬಸ್ಸು, ಫೆರಿ ಸೇರಿಸಿ ಹೆಲ್ಲೆಸಿಲ್ಟ್. ಬೈಕು ಹಾರಿದ ಬೆಟ್ಟವನ್ನು ಕೆಳಗಿನಿಂದಲೇ ಕತ್ತೆತ್ತಿ ನೋಡಿ. ನೆತ್ತಿಗೆ ಬಸ್ಸಿಲ್ಲ. ಚಿತ್ರತಂಡವೇ ಸಾಮಾನನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿತ್ತು.

ಹೆಲ್ಲೆಸಿಲ್ಟಿನಿಂದ ಗೈರಾಂಗರಿಗೆ ಒಂದು ಗಂಟೆಯ ಫೆರಿ. ಇದನ್ನು ತಪ್ಪಿಸಬೇಡಿ. ದಾರಿಯಲ್ಲಿ 'ಏಳು ಅಕ್ಕತಂಗಿಯರು' ಎಂಬ ಜಲಪಾತ. ಎತ್ತರ ಸುಮಾರು ನಮ್ಮ ಜೋಗದಷ್ಟೇ. ಎದುರಿನ ಬೆಟ್ಟದಲ್ಲಿ ಒಂಟಿಯಾಗಿ ಇಳಿಯುವ ಇನ್ನೊಂದು ಜಲಪಾತದ ಹೆಸರು 'ವರ'. ಏಳು ಜನರನ್ನೂ ಮದುವೆಯಾಗು ಅಂತ ಕೇಳುತ್ತಲೇ ಇದ್ದಾನಂತೆ, ಒಬ್ಬಳೂ ಒಪ್ಪಿಲ್ಲವಂತೆ. ನಮ್ಮ ಜೋಗದಲ್ಲಿ ರಾಜಾ-ರಾಣಿ ಪಕ್ಕಪಕ್ಕದಲ್ಲೇ ಇದ್ದಾರೆ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು.

ಹಿಂದಿರುಗುವಾಗ ಓಲೆಸುಂಡಿನಿಂದ ಬಸ್ಸಿನಲ್ಲಿ ಆಂಡಲ್ಸ್‌ನೆಸ್, ಅಲ್ಲಿಂದ ರೌಮಾ ರೈಲು ದಾರಿಯಲ್ಲಿ 114 ಕಿಲೋಮೀಟರ್ ದೊಂಬೋಸ್, ರೈಲು ಬದಲಿಸಿ ಓಸ್ಲೋ. 'ಡೆಡ್ ರೆಕನಿಂಗ್'ನಲ್ಲಿ ರೈಲಿನ ಮೇಲೆ ಹೊಡೆದಾಟ ನಡೆಯಿತಲ್ಲ, ಅದರ ಚಿತ್ರೀಕರಣಕ್ಕೆ ಬಳಸಿದ್ದು ಇದೇ ರೌಮಾ ದಾರಿ. ನೀವು ಮಾತ್ರ ಒಳಗೇ ಕೂತುಕೊಳ್ಳಿ.

ಬಿರುಕು ಬಿಟ್ಟ ಬೆಟ್ಟ

ಈಗ ಸಿನಿಮಾ ಸೆಟ್ ಅಲ್ಲದ ಸಂಗತಿಗೆ ಬರೋಣ. ಹೆಲ್ಲೆಸಿಲ್ಟ್ ಇರುವ ಅದೇ ಫ್ಯೋರ್ಡಿನ ದಡದಲ್ಲಿ ಓಕೆರ್ನೆಸೆಟ್ ಎಂಬ ಬೆಟ್ಟದ ಮೈ ಇದೆ. ಅದರಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆ. ಬಿರುಕು ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಗಲವಾಗುತ್ತಿದೆ. ಒಂದು ದಿನ ಆ ಮೈ ಪೂರ್ತಿ ಕಳಚಿ ನೀರಿಗೆ ಬಿದ್ದರೆ ಎದ್ದ ಅಲೆ ಹೆಲ್ಲೆಸಿಲ್ಟ್, ಗೈರಾಂಗರ್ ಎರಡನ್ನೂ ನಿಮಿಷಗಳಲ್ಲಿ ಮುಟ್ಟುತ್ತದೆ. ಇದನ್ನೇ ಕತೆ ಮಾಡಿ 2015ರಲ್ಲಿ ನಾರ್ವೆಯವರು 'ದಿ ವೇವ್' ಎಂಬ ಚಿತ್ರ ತೆಗೆದರು. ನಿರ್ದೇಶಕ ರೋಆರ್ ಉಥಾಗ್. ಹೊರಡುವ ಮುಂಚೆ ಮೂವರೂ ಕೂತು ನೋಡಿ.

ಇದು ಬರೀ ಕತೆಯಲ್ಲ. ಅದೇ ಸೀಮೆಯ ಟಾಫ್ಯೋರ್ಡಿನಲ್ಲಿ 1934ರ ಏಪ್ರಿಲ್ 7ರಂದು ಬೆಳಗಿನ ಜಾವ ಬೆಟ್ಟ ಜಾರಿತು. ಅಲೆ ಎದ್ದ ಜಾಗದ ಹತ್ತಿರ ನೀರು 60 ಮೀಟರಿಗೂ ಮೇಲೆ ಹೋಗಿ ಬಡಿಯಿತು. ದಡದ ಹಳ್ಳಿಗಳ 40 ಜನ ಸತ್ತರು, ಬಹಳ ಜನ ಹಾಸಿಗೆಯಲ್ಲೇ.

ಹಾಗಾದರೆ ಅಲ್ಲಿನ ಜನ ಊರು ಬಿಟ್ಟು ಓಡಿದರೇ? ಇಲ್ಲ. ಬೆಟ್ಟಕ್ಕೆ ಅಳತೆಯ ಉಪಕರಣ ಹಚ್ಚಿ ಹಗಲೂ ರಾತ್ರಿ ಕಾಯುತ್ತಿದ್ದಾರೆ. ಮಿಲಿಮೀಟರ್ ಲೆಕ್ಕ ಇಡುತ್ತಾರೆ. ಸೈರನ್ನು ಕೂಗಿದರೆ ಯಾರು ಯಾವ ದಾರಿಯಲ್ಲಿ ಮೇಲಕ್ಕೆ ಹೋಗಬೇಕು ಅಂತ ಮೊದಲೇ ನಿಗದಿ. ಬೆಟ್ಟ ಹೇಳದೆ ಬೀಳುವುದಿಲ್ಲ, ಬೀಳುವ ಮುಂಚೆ ಓಟ ಜಾಸ್ತಿ ಮಾಡುತ್ತೆ, ಅದನ್ನು ಹಿಡಿಯಬಹುದು ಅನ್ನುವ ಲೆಕ್ಕದ ಮೇಲೆ ಅಲ್ಲಿ ಶಾಲೆ ನಡೆಯುತ್ತಿದೆ, ಅಂಗಡಿ ತೆರೆದಿದೆ, ಫೆರಿ ಓಡುತ್ತಿದೆ. ಅವರದ್ದು ಹೆದರಿಕೆಯೂ ಅಲ್ಲ, ಹುಂಬತನವೂ ಅಲ್ಲ. ನಾನು ಇಡೀ ಪುಟದಲ್ಲಿ ಹೇಳುತ್ತಿರುವ ತಯಾರಿ ಅಂದರೆ ಇದೇ.

ಮೂರನೆಯ ಉತ್ತರ

ಈಗ ಕಾಲು ಇಳಿಬಿಡುವ ವಿಷಯ. 2006ರಲ್ಲಿ 'ಮುಂಗಾರು ಮಳೆ' ಬಂದ ಮೇಲೆ ನಮ್ಮ ಹುಡುಗರು ಜೋಗದಲ್ಲಿ ನೆತ್ತಿಯ ಬಂಡೆಗೆ ಹೋಗಿ ಗಣೇಶ್ ಥರ ನಿಲ್ಲಬೇಕು ಅಂತ ಹಟ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಚಿಗೆ ಹೋಗಬೇಕು ಅನ್ನಿಸುವುದು ತಪ್ಪಲ್ಲ. ವಯಸ್ಸು ಅಂಥದ್ದು. ಆದರೆ ತೆರೆಯ ಮೇಲೆ ನೇತಾಡಿದವನ ಬೆನ್ನಿಗೆ ನಮಗೆ ಕಾಣದ ಹಗ್ಗವಿತ್ತು. ನಿಮ್ಮ ಬೆನ್ನಿಗೆ ಇರುವುದು ಮನೆಯವರ ಕಣ್ಣು ಮಾತ್ರ. ಅದು ಹಗ್ಗದ ಕೆಲಸ ಮಾಡುವುದಿಲ್ಲ.

ನಾರ್ವೆಯವರು ಬೆಟ್ಟ ಹತ್ತುವುದಕ್ಕೆ ಒಂಬತ್ತು ನಿಯಮ ಮಾಡಿಕೊಂಡಿದ್ದಾರೆ. ಅಲ್ಲಿನ ಮಕ್ಕಳಿಗೂ ಬಾಯಿಪಾಠ. ಎಲ್ಲಿಗೆ ಹೊರಟೆ ಅಂತ ಯಾರಿಗಾದರೂ ಹೇಳು, ಹವಾಮಾನ ನೋಡಿಕೋ, ನಕ್ಷೆ ಇಟ್ಟುಕೋ, ಹೀಗೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು: ಹೊತ್ತು ಮೀರುವ ಮುಂಚೆ ವಾಪಸ್ ತಿರುಗು, ತಿರುಗುವುದರಲ್ಲಿ ನಾಚಿಕೆ ಇಲ್ಲ. ನೋಡಿ, ಗಾಂಧಿನಗರದ ಯಾವ ಸಂಭಾಷಣೆಕಾರನೂ ತನ್ನ ಹೀರೋ ಬಾಯಲ್ಲಿ ಇಂಥ ಮಾತು ಹಾಕಿಸಲಿಲ್ಲ. ಹಾಕಿಸಿದ್ದರೆ ಗಾಂಧಿಕ್ಲಾಸಿನವರು ಕುರ್ಚಿ ಮುರಿಯುತ್ತಿದ್ದರೇನೋ. ಆದರೆ ಚಳಿ, ಗಾಳಿ, ಬಂಡೆ ಇವನ್ನು ನಮಗಿಂತ ಚೆನ್ನಾಗಿ ಬಲ್ಲ ಜನ ಹೇಳುವ ಡೈಲಾಗ್ ಇದು.

ಇದೇ ನನ್ನ ಮೂರನೆಯ ಉತ್ತರ. ಹೋಗಿ. ಖಂಡಿತ ಹೋಗಿ. ಅಂಚಿಗೆ ನಾಲ್ಕು ಹೆಜ್ಜೆ ಈಚೆ ಹೊಟ್ಟೆ ಅಡಿ ಮಾಡಿ ಮಲಗಿ, ತೆವಳಿ, ಕತ್ತು ಚಾಚಿ ಕೆಳಗೆ ನೋಡಿ. ಆ 604 ಮೀಟರ್ ಹಾಗೇ ಚೆನ್ನಾಗಿ ಕಾಣುತ್ತೆ. ಗಾಳಿ ಜೋರಾಗಿದ್ದರೆ, ಬಂಡೆ ಒದ್ದೆಯಾಗಿದ್ದರೆ ಅದೂ ಬೇಡ, ಬುತ್ತಿ ಬಿಚ್ಚಿ ಮಂಡಕ್ಕಿ ತಿಂದು ಇಳಿದುಬಿಡಿ. ಫೋನಿನಲ್ಲಿ 112 ಅಲ್ಲಿಯೂ ಪೊಲೀಸ್ ನಂಬರು, ನೆನಪಿರಲಿ.

ಇನ್ನು ಮನೆಯಲ್ಲಿ ಬೈಯ್ಯುವ ವಿಷಯ. ಈ ಪುಟ ಹರಿದುಕೊಂಡು ಹೋಗಿ. ಒಂದು ನೋಟ್‌ಬುಕ್ ತೆಗೆದು ಹನ್ನೊಂದು ದಿನದ ಲೆಕ್ಕ ಬರೆಯಿರಿ: ಎಲ್ಲಿ ಮಲಗುವುದು, ಎಷ್ಟು ಖರ್ಚು, ಯಾವ ಬಸ್ಸು, ವಿಮೆ ಯಾವುದು, ಮಳೆ ಬಂದರೆ ಏನು. ಬರೆದದ್ದನ್ನು ಅಮ್ಮನ ಮುಂದೆ ಇಡಿ. ಅವರು ಬೈಯ್ಯುತ್ತಿರುವುದು ನಾರ್ವೆಯನ್ನಲ್ಲ, ನಿಮ್ಮ "ಹೋಗ್ತೀವಿ ಅಷ್ಟೇ" ಅನ್ನುವ ಮಾತನ್ನು. ಲೆಕ್ಕ ಕಂಡರೆ ಅರ್ಧ ಬೈಗುಳ ಅಲ್ಲೇ ಇಳಿಯುತ್ತೆ. ಉಳಿದ ಅರ್ಧ ಪ್ರೀತಿ, ಅದನ್ನು ಕಟ್ಟಿಕೊಂಡೇ ಹೋಗಿ, ಅದಕ್ಕೆ ಕಸ್ಟಮ್ಸ್‌ನವರು ತಕರಾರು ಮಾಡುವುದಿಲ್ಲ.

ಬಂದ ಮೇಲೆ ಫೋಟೋ ಕಳಿಸಿ, ಅಂಚಿನಿಂದ ನಾಲ್ಕು ಹೆಜ್ಜೆ ಈಚೆ ನಿಂತದ್ದು. ಈ ಪುಟದಲ್ಲೇ ಅಚ್ಚು ಹಾಕಿಸೋಣ. ಕಾಲು ಇಳಿಬಿಟ್ಟದ್ದು ಕಳಿಸಿದರೆ ಕಸದ ಬುಟ್ಟಿಗೆ, ಹೇಳಿಬಿಟ್ಟಿದ್ದೀನಿ!

ಬರಲಾ? ಮುಂದಿನ ವಾರ ಇದೇ ಪುಟದಲ್ಲಿ.